ಕೋವಿಗೂ ಒಂದು ಟಿಕೆಟ್: ಬೇಟೆಗಾರರ ಲಗೇಜಿನ ನೂರು ವರ್ಷ

ವಿಮಾನ ಕಂಪನಿಗಳ ಲಗೇಜು ನಿಯಮಗಳಲ್ಲಿ 'ಕ್ರೀಡಾ ಸಲಕರಣೆ' ಎಂಬ ಒಂದು ವಿಭಾಗ ಇರುತ್ತದೆ. ಗಾಲ್ಫ್ ಚೀಲ, ಸೈಕಲ್ಲು, ಮೀನು ಹಿಡಿಯುವ ಗಾಳ, ಹಿಮದ ಮೇಲೆ ಜಾರುವ ಹಲಗೆ, ಇವುಗಳ ಸಾಲಿನಲ್ಲೇ ಬೇಟೆಯ ರೈಫಲ್ ಕೂಡ ಕುಳಿತಿರುತ್ತದೆ. ಕೆಲವು ಕಂಪನಿಗಳು ಅದನ್ನು ಮಾಮೂಲಿ ಲಗೇಜಿನ ಲೆಕ್ಕಕ್ಕೆ ಸೇರಿಸುತ್ತವೆ. ಏರ್ ಕೆನಡಾದಂಥ ಕೆಲವು ಕಂಪನಿಗಳು ಬಂದೂಕಿಗೆಂದೇ ಬೇರೆ ನಿರ್ವಹಣಾ ಶುಲ್ಕ ಹಾಕುತ್ತವೆ. ಅಮೆರಿಕ, ಯುರೋಪಿನಿಂದ ಆಫ್ರಿಕಾಕ್ಕೆ ಬೇಟೆಗೆ ಹೋಗುವವರಿಗೆ ಈ ಶುಲ್ಕ ಒಂದು ನಿತ್ಯದ ಗೊಣಗಾಟ. ಲಕ್ಷಗಟ್ಟಲೆ ಖರ್ಚು ಮಾಡಿ ಹೋಗುವವರ ಈ ಗೊಣಗಾಟದಿಂದ ನಮಗೇನು ಎಂದು ಕೇಳಬಹುದು. ಆದರೆ ಈ ಶುಲ್ಕದ ಹಿಂದೆ ನೂರು ವರ್ಷದ ಚರಿತ್ರೆಯಿದೆ. ಅದರ ಕೊನೆಯಲ್ಲಿ ಕಾಡಂಚಿನ ಹಳ್ಳಿಗಳ ಪ್ರಶ್ನೆಯೂ ಇದೆ.

ಹೊರೆಯಾಳುಗಳ ಕಾಲ

1909ರ ಮಾರ್ಚ್ 23ರಂದು ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ನ್ಯೂಯಾರ್ಕಿನಲ್ಲಿ ಹಡಗು ಹತ್ತಿದರು. ಅಧಿಕಾರದಿಂದ ಇಳಿದು ಮೂರು ವಾರವಷ್ಟೇ ಆಗಿತ್ತು. ಯುರೋಪಿನಲ್ಲಿ ಹಡಗು ಬದಲಿಸಿ ಮೊಂಬಾಸಾ ತಲುಪಿದ್ದು ಏಪ್ರಿಲ್ 21ಕ್ಕೆ. ಜೊತೆಗೆ ಮಗ ಕೆರ್ಮಿಟ್, ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿಗಳು, ಹಲವು ರೈಫಲ್‌ಗಳು, ಇಂಗ್ಲೆಂಡಿನ ಅಭಿಮಾನಿಗಳು ಕಾಣಿಕೆ ಕೊಟ್ಟ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯ ಜೋಡುನಳಿಗೆ ಕೋವಿ ಮತ್ತು ಚರ್ಮ ಹದ ಮಾಡಲು ನಾಲ್ಕು ಟನ್ ಉಪ್ಪು. ಒಂದು ವರ್ಷ ನಡೆದ ಆ ಪ್ರವಾಸದಲ್ಲಿ ಕೀಟದಿಂದ ಆನೆಯವರೆಗೆ 11,000ಕ್ಕೂ ಹೆಚ್ಚು ಮಾದರಿಗಳನ್ನು ಸಂಗ್ರಹಿಸಿದರು. ತಂದೆ-ಮಗ ಇಬ್ಬರೇ ಹೊಡೆದದ್ದು 512.

ಇಷ್ಟೆಲ್ಲ ಸಾಮಾನು ಸಾಗಿದ್ದು ಹೇಗೆ? ರೈಲು ಇಳಿದ ಮೇಲೆ ಎಲ್ಲವೂ ಇನ್ನೂರಕ್ಕೂ ಹೆಚ್ಚು ಆಫ್ರಿಕನ್ ಹೊರೆಯಾಳುಗಳ ತಲೆಯ ಮೇಲೆ. ಒಬ್ಬೊಬ್ಬನ ತಲೆಗೆ ಸುಮಾರು 60 ಪೌಂಡ್, ಅಂದರೆ 27 ಕಿಲೋ ಹೊರೆ. ಕೋವಿ ಹೊರಲು ಬೇರೆ ಆಳುಗಳು. ಭಾರದ ಲೆಕ್ಕ ಆಗಲೂ ಇತ್ತು. ಆದರೆ ಭಾರ ಹೊರುವವನು ಅದರ ಬೆಲೆ ಕಟ್ಟುವ ಸ್ಥಿತಿಯಲ್ಲಿ ಇರಲಿಲ್ಲ. ವಸಾಹತು ಸರ್ಕಾರ ಬಿಳಿಯ ಬೇಟೆಗಾರನಿಗೆ ಲೈಸೆನ್ಸ್ ಕೊಡುತ್ತಿತ್ತು. ಅದೇ ಕಾಡಿನಲ್ಲಿ ಹೊಟ್ಟೆಪಾಡಿಗೆ ಬೇಟೆಯಾಡುತ್ತಿದ್ದ ಸ್ಥಳೀಯ ಮಾತ್ರ 'ಕಳ್ಳಬೇಟೆಗಾರ'ನಾದ.

ವಿಮಾನ ಬಂತು, ತಕ್ಕಡಿಯೂ ಬಂತು

1932ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಲಂಡನ್ನಿನಿಂದ ಕೇಪ್‌ಟೌನಿಗೆ ವಾರಕ್ಕೊಂದು ವಿಮಾನ ಶುರು ಮಾಡಿತು. ಸಣ್ಣ ವಿಮಾನಗಳಲ್ಲಿ ಕಿಲೋ ಕಿಲೋಗೂ ಲೆಕ್ಕ. ಟನ್‌ಗಟ್ಟಲೆ ಸಾಮಾನು ಹೊತ್ತು ಹೋಗುವ ಬೇಟೆಗಾರನಿಗೆ ಆಗಲೂ ಹಡಗೇ ಗತಿ. ದೊಡ್ಡ ಬದಲಾವಣೆ ಆದದ್ದು ಜೆಟ್ ಬಂದ ಮೇಲೆ. 1952ರ ಮೇ 2ರಂದು ಪ್ರಪಂಚದ ಮೊದಲ ಪ್ರಯಾಣಿಕ ಜೆಟ್ ಸೇವೆ ಆರಂಭವಾಯಿತು. ಅದು ಹಾರಿದ್ದು ಲಂಡನ್ನಿನಿಂದ ಜೊಹಾನ್ಸ್‌ಬರ್ಗಿಗೆ. ತಿಂಗಳುಗಟ್ಟಲೆ ನಡೆಯುತ್ತಿದ್ದ ಸಫಾರಿ ಕ್ರಮೇಣ ಎರಡು ಮೂರು ವಾರದ ರಜೆಯೊಳಗೆ ಮುಗಿಯುವ ಪ್ರವಾಸವಾಯಿತು. ರಾಜರು, ಅಧ್ಯಕ್ಷರು ಮಾಡುತ್ತಿದ್ದ ಶಿಕಾರಿಯನ್ನು ಕೈಯಲ್ಲಿ ಕಾಸಿದ್ದ ವೈದ್ಯ, ವಕೀಲ, ವ್ಯಾಪಾರಿಯೂ ಮಾಡಬಹುದಾಯಿತು.

ಈ ಗಿರಾಕಿಗಳು ಭಾರತಕ್ಕೂ ಬಂದರು. 1950-60ರ ದಶಕದಲ್ಲಿ ವಿದೇಶಿಯರನ್ನು ಹುಲಿ ಬೇಟೆಗೆ ಕರೆದೊಯ್ಯುವ ಶಿಕಾರಿ ಕಂಪನಿಗಳು ಇಲ್ಲಿದ್ದವು. ವಿದೇಶಿ ವಿನಿಮಯ ತರುವ ಉದ್ಯಮ ಎಂದು ಅವಕ್ಕೆ ಮನ್ನಣೆಯೂ ಇತ್ತು. ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ಹೆಸರು ಮಾಡಿದ್ದು ಇದೇ ಶಿಕಾರಿಯ ಕಾಲದಲ್ಲಿ. ರಾಜರು, ಬ್ರಿಟಿಷ್ ಅಧಿಕಾರಿಗಳು, ಶ್ರೀಮಂತರು ಹೊಡೆದ ಹತ್ತಾರು ಸಾವಿರ ಹುಲಿ-ಚಿರತೆಗಳ ಚರ್ಮಕ್ಕೆ ಅಲ್ಲಿ ಮತ್ತೆ ಜೀವಕಳೆ ತುಂಬುತ್ತಿದ್ದರು. 1970ರಲ್ಲಿ ಹುಲಿ ಬೇಟೆಗೆ ನಿಷೇಧ ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕೋವಿ ಹೊತ್ತು ಭಾರತಕ್ಕೆ ಹಾರುವ ಪ್ರವಾಸಿಗರ ಅಧ್ಯಾಯ ಅಲ್ಲಿಗೆ ಮುಗಿಯಿತು. 1977ರಲ್ಲಿ ಕೀನ್ಯಾ ಕೂಡ ಬೇಟೆಯನ್ನು ನಿಷೇಧಿಸಿತು. ಬೇಟೆಗಾರರ ಹಾದಿ ದಕ್ಷಿಣಕ್ಕೆ ಹೊರಳಿತು. ದಕ್ಷಿಣ ಆಫ್ರಿಕಾ, ನಮೀಬಿಯಾ, ಜಿಂಬಾಬ್ವೆಗೆ ಹೋಗುವವರಿಗೆ ಜೊಹಾನ್ಸ್‌ಬರ್ಗ್ ಹೆಬ್ಬಾಗಿಲಾಯಿತು.

ಬೀಗ, ಕೀಲಿ, ಐದು ಕಿಲೋ ತೋಟಾ

ಇದೇ ಹೊತ್ತಿಗೆ ವಿಮಾನದ ಒಳಗೂ ಕಾಲ ಬದಲಾಗುತ್ತಿತ್ತು. 1968ರಿಂದ 1972ರ ನಡುವೆ ಅಮೆರಿಕದ ನೂರಕ್ಕೂ ಹೆಚ್ಚು ವಿಮಾನಗಳ ಮೇಲೆ ಅಪಹರಣದ ಪ್ರಯತ್ನಗಳಾದವು. 1973ರ ಜನವರಿಯಿಂದ ಅಲ್ಲಿ ಪ್ರತಿ ಪ್ರಯಾಣಿಕನ ತಪಾಸಣೆ ಕಡ್ಡಾಯವಾಯಿತು. ಮರುವರ್ಷ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಎಲ್ಲ ದೇಶಗಳಿಗೂ ಭದ್ರತಾ ನಿಯಮಗಳ ಚೌಕಟ್ಟನ್ನು ಒಪ್ಪಿಸಿತು. ಬೇಟೆಯ ಕೋವಿ ಅಂದಿನಿಂದ ಒಂದು ಅನುಮಾನದ ವಸ್ತು.

ಈಗಿನ ಪದ್ಧತಿ ಹೀಗಿದೆ. ಕೋವಿ ಖಾಲಿ ಇರಬೇಕು. ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಕೌಂಟರಿನಲ್ಲಿ 'ಇದರಲ್ಲಿ ಕೋವಿ ಇದೆ' ಎಂದು ಬಾಯಿ ಬಿಟ್ಟು ಹೇಳಿ ಕಾಗದಕ್ಕೆ ಸಹಿ ಹಾಕಬೇಕು. ಅಮೆರಿಕದಲ್ಲಾದರೆ ಕೀಲಿ ಪ್ರಯಾಣಿಕನ ಬಳಿಯೇ ಇರಬೇಕು. ತೋಟಾಗಳಿಗೆ ಅಂತರರಾಷ್ಟ್ರೀಯ ಮಿತಿ ಒಬ್ಬರಿಗೆ ಐದು ಕಿಲೋ. ಇಬ್ಬರು ಗೆಳೆಯರು ಜೊತೆಗೆ ಹೋದರೆ ಇಬ್ಬರ ಪಾಲು ಸೇರಿಸಿ ಒಂದೇ ಡಬ್ಬದಲ್ಲಿ ಇಡುವಂತಿಲ್ಲ.

ಕಾಗದದ ಕೆಲಸ ಇನ್ನೊಂದು ಕಥೆ. ಅಮೆರಿಕದವನು ಹೊರಡುವ ಮುನ್ನ ಕಸ್ಟಮ್ಸ್ ಕಚೇರಿಗೆ ಕೋವಿ ಒಯ್ದು ತೋರಿಸಿ, ಫಾರಂ 4457ಕ್ಕೆ ಸಹಿ ಹಾಕಿಸಬೇಕು. ಇದು ನನ್ನದೇ, ಹೊರದೇಶದಲ್ಲಿ ಕೊಂಡದ್ದಲ್ಲ ಎಂಬುದಕ್ಕೆ ವಾಪಸು ಬರುವಾಗ ಅದೇ ಪುರಾವೆ. ದಕ್ಷಿಣ ಆಫ್ರಿಕಾದಲ್ಲಿ ಇಳಿದ ಮೇಲೆ ಪೊಲೀಸರ ಎಸ್‌ಎಪಿಎಸ್ 520 ಎಂಬ ಅರ್ಜಿ ತುಂಬಿ ತಾತ್ಕಾಲಿಕ ಆಮದು ಪರವಾನಗಿ ಪಡೆಯಬೇಕು. ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಮಾನ ಬದಲಿಸಿದರೆ ನೆದರ್‌ಲ್ಯಾಂಡ್ಸಿನ ಕಸ್ಟಮ್ಸ್ ಒಪ್ಪಿಗೆಯೂ ಬೇಕು. ಈ ಕಾಗದ ಮೊದಲೇ ಸಿದ್ಧ ಮಾಡಿಸಿ, ವಿಮಾನ ನಿಲ್ದಾಣದಲ್ಲಿ ಜೊತೆಗೆ ನಿಂತು ಕೆಲಸ ಮುಗಿಸಿಕೊಡುವ ಏಜೆಂಟರೇ ಜೊಹಾನ್ಸ್‌ಬರ್ಗಿನಲ್ಲಿ ಇದ್ದಾರೆ. ಆರ್‌ಟಿಓ ಕಚೇರಿಯ ಮುಂದಿನ ಏಜೆಂಟರನ್ನು ಕಂಡ ನಮಗೆ ಅವರ ಪರಿಚಯ ಮಾಡಿಕೊಡಬೇಕಿಲ್ಲ.

ಕೋವಿ ಶುಲ್ಕವನ್ನು ಕಂಪನಿಗಳು ಸಮರ್ಥಿಸಿಕೊಳ್ಳುವುದು ಇಲ್ಲಿಯೇ. ಕೋವಿ ಪೆಟ್ಟಿಗೆ ಬೇರೆ ಸೂಟ್‌ಕೇಸಿನ ಹಾಗೆ ಬೆಲ್ಟಿನ ಮೇಲೆ ಉರುಳಿ ಬರಲು ಬಿಡುವಂಥದ್ದಲ್ಲ. ಅದಕ್ಕೆ ಒಬ್ಬ ನೌಕರ ಬೇಕು, ಪರಿಶೀಲನೆ ಬೇಕು, ಕಳೆದುಹೋದರೆ ಜವಾಬ್ದಾರಿ ಹೊರಬೇಕು.

ಎಲ್ಲಕ್ಕೂ ಬೆಲೆ ಕಟ್ಟಿದ ವರ್ಷ

ಈ ಸಮರ್ಥನೆಯಲ್ಲಿ ನಿಜವಿದೆ, ಪೂರ್ತಿ ನಿಜವಿಲ್ಲ. 1978ರಲ್ಲಿ ಅಮೆರಿಕ ತನ್ನ ವಿಮಾನಯಾನದ ಮೇಲಿನ ದರ ನಿಯಂತ್ರಣವನ್ನು ಕೈಬಿಡುವ ಕಾನೂನು ಮಾಡಿತು. ಕಂಪನಿಗಳು ಪೈಪೋಟಿಗೆ ಬಿದ್ದು ಟಿಕೆಟ್ ದರ ಇಳಿಸಿದವು. ಇಳಿಸಿದ್ದನ್ನು ಬೇರೆ ದಾರಿಯಲ್ಲಿ ಗಳಿಸುವ ಉಪಾಯ ಬಲವಾಗಿ ಹೊಳೆದದ್ದು 2008ರಲ್ಲಿ. ಆ ವರ್ಷ ಕಚ್ಚಾ ತೈಲದ ಬೆಲೆ ಬ್ಯಾರೆಲಿಗೆ 147 ಡಾಲರ್ ಮುಟ್ಟಿತು. ಅಮೆರಿಕನ್ ಏರ್‌ಲೈನ್ಸ್ ಮೊದಲ ಚೀಲಕ್ಕೇ 15 ಡಾಲರ್ ಕೇಳಲು ಶುರು ಮಾಡಿತು. ಉಳಿದ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಹಿಂದೆಯೇ ಹೋದವು. ತೈಲದ ಬೆಲೆ ಅದೇ ವರ್ಷದ ಕೊನೆಗೆ ಕುಸಿಯಿತು, ಶುಲ್ಕ ಇಳಿಯಲಿಲ್ಲ. 2019ರಲ್ಲಿ ಅಮೆರಿಕದ ಕಂಪನಿಗಳು ಲಗೇಜು ಶುಲ್ಕದಿಂದಲೇ 500 ಕೋಟಿ ಡಾಲರಿಗೂ ಹೆಚ್ಚು ಗಳಿಸಿದವು. ಒಳಗುಟ್ಟು ಇನ್ನೊಂದಿದೆ. ಅಲ್ಲಿ ದೇಶದೊಳಗಿನ ಟಿಕೆಟಿನ ಮೇಲೆ ಶೇ. 7.5 ತೆರಿಗೆ ಇದೆ, ಚೀಲದ ಶುಲ್ಕಕ್ಕೆ ಆ ತೆರಿಗೆ ಇಲ್ಲ.

ಕೋವಿ ಪೆಟ್ಟಿಗೆ ಉದ್ದ, ಭಾರ, ರಗಳೆಯ ವಸ್ತು. ತರುವವನು ಬಡವನಲ್ಲ, ಬಿಟ್ಟು ಬರಲು ಮನಸ್ಸಿಲ್ಲದವನು. ಹೆಚ್ಚುವರಿ ಶುಲ್ಕಕ್ಕೆ ಇದಕ್ಕಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಗುತ್ತಾನೆ? ಎರಡು ಕಂಪನಿಗಳ ವಿಮಾನ ಹತ್ತಿದರೆ ಎರಡೆರಡು ನಿಯಮ. ಅದಕ್ಕೇ ಈಗ ಅನೇಕರು ಕೋವಿಯನ್ನು ಮನೆಯಲ್ಲೇ ಬಿಟ್ಟು, ಆಫ್ರಿಕಾದ ಬೇಟೆ ಸಂಘಟಕರಿಂದ ದಿನಬಾಡಿಗೆಗೆ ಪಡೆಯುತ್ತಾರೆ.

ಕೋವಿ ಹೋಗಬಹುದು, ಚರ್ಮ ಬರುವಂತಿಲ್ಲ

2015ರಲ್ಲಿ ವಿಮಾನ ಕಂಪನಿಗಳು ದರ ನಿಗದಿಯಿಂದ ಒಂದು ಹೆಜ್ಜೆ ಮುಂದೆ ಹೋದವು. ಏಪ್ರಿಲ್‌ನಲ್ಲಿ ಸೌತ್ ಆಫ್ರಿಕನ್ ಏರ್‌ವೇಸ್ ಬೇಟೆಯ ಟ್ರೋಫಿಗಳನ್ನು, ಅಂದರೆ ಸತ್ತ ಪ್ರಾಣಿಯ ತಲೆ, ಚರ್ಮ, ಕೊಂಬುಗಳನ್ನು ಸಾಗಿಸುವುದಿಲ್ಲ ಎಂದಿತು. ಮೇನಲ್ಲಿ ಎಮಿರೇಟ್ಸ್ ಅದೇ ಮಾತು ಹೇಳಿತು. ದಕ್ಷಿಣ ಆಫ್ರಿಕಾ ಸರ್ಕಾರ ಮಧ್ಯೆ ಪ್ರವೇಶಿಸಿ, ಕಾನೂನುಬದ್ಧ ಬೇಟೆಗೆ ಹೊಡೆತ ಬೀಳುತ್ತದೆ ಎಂದ ಮೇಲೆ ಜುಲೈನಲ್ಲಿ ಸೌತ್ ಆಫ್ರಿಕನ್ ಏರ್‌ವೇಸ್ ನಿಷೇಧ ಹಿಂತೆಗೆದುಕೊಂಡಿತು. ಅದೇ ಜುಲೈನಲ್ಲಿ ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಸೆಸಿಲ್ ಎಂಬ ಸಿಂಹ ಅಮೆರಿಕದ ದಂತವೈದ್ಯನೊಬ್ಬನ ಬಾಣಕ್ಕೆ ಬಲಿಯಾಯಿತು. ಆಕ್ಸ್‌ಫರ್ಡ್ ಸಂಶೋಧಕರು ಕೊರಳಪಟ್ಟಿ ಕಟ್ಟಿ ಅಧ್ಯಯನ ಮಾಡುತ್ತಿದ್ದ ಸಿಂಹ ಅದು. ಜಗತ್ತೇ ಸಿಟ್ಟಾಯಿತು. ಆಗಸ್ಟ್ 3ರಂದು ಡೆಲ್ಟಾ ಕಂಪನಿ ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆಗಳ ಟ್ರೋಫಿ ಸಾಗಿಸುವುದಿಲ್ಲ ಎಂದು ಘೋಷಿಸಿತು. ಅಮೆರಿಕನ್, ಯುನೈಟೆಡ್ ಕಂಪನಿಗಳೂ ಹಾಗೇ ಹೇಳಿದವು. ಕೋವಿಗಳಿಗೆ ಮಾತ್ರ ಯಾವ ತಡೆಯೂ ಇಲ್ಲ.

ಬೇಟೆಗಾರರ ಸಂಘಗಳು ಟೆಕ್ಸಾಸಿನ ನ್ಯಾಯಾಲಯಕ್ಕೆ ಹೋದವು. ನಮೀಬಿಯಾದಲ್ಲಿ ಒಂದು ಕಪ್ಪು ಘೇಂಡಾಮೃಗ ಹೊಡೆಯುವ ಪರವಾನಗಿಗೆ ಹರಾಜಿನಲ್ಲಿ 3,50,000 ಡಾಲರ್ ಕೂಗಿದ್ದ ಬೇಟೆಗಾರನೂ ವಾದಿಗಳಲ್ಲಿ ಒಬ್ಬ. ಸಾರ್ವಜನಿಕ ಸಾಗಣೆದಾರ ಕಾನೂನುಬದ್ಧ ಸರಕನ್ನು ಬೇಡ ಎನ್ನುವಂತಿಲ್ಲ ಎಂಬುದು ಅವರ ವಾದ. 2016ರಲ್ಲಿ ನ್ಯಾಯಾಲಯ ಆ ದಾವೆಯನ್ನು ವಜಾ ಮಾಡಿತು.

ಹಳ್ಳಿಯ ಪಾಲು

ಸಿಂಹದ ಚರ್ಮ ಹೊರುವುದಿಲ್ಲ ಎಂದು ಕಂಪನಿ ಹೇಳಿದಾಗ ನಮಗೆಲ್ಲ ಖುಷಿಯಾಗುತ್ತದೆ. ಆದರೆ ಆ ತೀರ್ಮಾನ ಆದದ್ದು ಸಿಂಹದ ಜೊತೆ ಬದುಕುವವರನ್ನು ಕೇಳಿ ಅಲ್ಲ. ಜಿಂಬಾಬ್ವೆಯಲ್ಲಿ 1989ರಲ್ಲಿ 'ಕ್ಯಾಂಪ್‌ಫೈರ್' ಎಂಬ ಯೋಜನೆ ಶುರುವಾಯಿತು. ಸಮುದಾಯದ ಜಮೀನಿನಲ್ಲಿ ವಿದೇಶಿಯರ ಬೇಟೆಗೆ ಅವಕಾಶ ಕೊಟ್ಟು, ಬಂದ ಹಣವನ್ನು ಊರಿನ ಶಾಲೆ, ಬೋರ್‌ವೆಲ್‌ಗಳಿಗೆ ಬಳಸುವುದು ಉದ್ದೇಶ. ಅದರ ದೊಡ್ಡ ಆದಾಯ ಆನೆ ಬೇಟೆಯದೇ. ನಮೀಬಿಯಾದಲ್ಲಿ 1996ರ ಕಾನೂನಿನ ಪ್ರಕಾರ ಹಳ್ಳಿಗರೇ ಸಂರಕ್ಷಣಾ ಸಮಿತಿ ಕಟ್ಟಿಕೊಂಡಿದ್ದಾರೆ. ಇಂಥವು ಈಗ ಎಂಬತ್ತಕ್ಕೂ ಹೆಚ್ಚು. ಬೇಟೆಯ ಮಾಂಸ, ಹಣ ಎರಡೂ ಅವರಿಗೆ ಸೇರುತ್ತದೆ. ಬೊಟ್ಸ್ವಾನಾ 2014ರಲ್ಲಿ ಬೇಟೆ ನಿಲ್ಲಿಸಿ, ಹಳ್ಳಿಗರ ಒತ್ತಾಯಕ್ಕೆ 2019ರಲ್ಲಿ ಮತ್ತೆ ತೆರೆಯಿತು. ಟ್ರೋಫಿ ಆಮದಿಗೆ ಇನ್ನಷ್ಟು ಬಿಗಿ ಮಾಡುವ ಮಾತು ಜರ್ಮನಿಯಲ್ಲಿ ಬಂದಾಗ, 2024ರಲ್ಲಿ ಅಲ್ಲಿನ ಅಧ್ಯಕ್ಷ ಮಸಿಸಿ '20,000 ಆನೆ ಕಳಿಸುತ್ತೇವೆ, ನೀವೇ ಸಾಕಿ' ಎಂಬರ್ಥದಲ್ಲಿ ಸವಾಲು ಹಾಕಿದ್ದರು.

ಇದರ ಇನ್ನೊಂದು ಮುಖವನ್ನೂ ಬರೆಯಬೇಕು. ಕ್ಯಾಂಪ್‌ಫೈರ್ ಹಣದಲ್ಲಿ ದೊಡ್ಡ ಪಾಲು ಜಿಲ್ಲಾ ಮಂಡಳಿಗಳಲ್ಲೇ ಉಳಿದು, ಮನೆಮನೆಗೆ ಸಿಕ್ಕಿದ್ದು ಚಿಲ್ಲರೆ ಎಂಬ ದೂರು ಹಳೆಯದು. ದಕ್ಷಿಣ ಆಫ್ರಿಕಾದಲ್ಲಂತೂ ಹೆಚ್ಚಿನ ಬೇಟೆ ನಡೆಯುವುದು ಖಾಸಗಿ ಜಮೀನುದಾರರ ಬೇಲಿಯೊಳಗೆ. ಅಲ್ಲಿ ಲಾಭವೂ ಅವರದೇ. ಬೇಟೆ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳದಲ್ಲಿ ಎರಡೂ ಕಡೆಯವರು ಹಳ್ಳಿಗರ ಹೆಸರು ಹೇಳುತ್ತಾರೆ. ಹಳ್ಳಿಗರ ಮಾತು ಮಾತ್ರ ಅಪರೂಪಕ್ಕೆ ಕೇಳಿಸುತ್ತದೆ.

ಸಕಲೇಶಪುರ, ಆಲೂರಿನ ಕಡೆ ಆನೆ ಗದ್ದೆಗೆ ಇಳಿದ ರಾತ್ರಿಗಳನ್ನು ವರದಿ ಮಾಡಿದವರಿಗೆ ಇದು ಹೊಸದಲ್ಲ. ನಮ್ಮಲ್ಲಿ ಬೇಟೆ ಇಲ್ಲ, ಇರಬೇಕೆಂದೂ ಈ ಬರಹ ಹೇಳುತ್ತಿಲ್ಲ. ಆದರೆ ಪ್ರಾಣಿಯ ಜೊತೆ ಬದುಕುವವನ ನಷ್ಟಕ್ಕೆ ಬೆಲೆ ಕಟ್ಟುವವನು ಎಲ್ಲೋ ದೂರದಲ್ಲಿ ಕುಳಿತಿರುತ್ತಾನೆ ಎಂಬುದು ಎರಡೂ ಕಡೆ ಒಂದೇ. ಕೋವಿಯ ಶುಲ್ಕ ಎಷ್ಟೆಂದು ಈಗ ಯಾರು ಬೇಕಾದರೂ ಒಂದು ನಿಮಿಷದಲ್ಲಿ ನೋಡಬಹುದು. ಅದೇ ಪ್ರವಾಸದ ಖರ್ಚಿನಲ್ಲಿ ಹ್ವಾಂಗೆ ಪಕ್ಕದ ಊರಿನ ಒಂದು ಮನೆಗೆ ಎಷ್ಟು ಬಂತು ಎಂದು ತಿಳಿಯಬೇಕಾದರೆ ಆ ಊರಿಗೇ ಹೋಗಬೇಕು.