ಮೋಟಾರ್‌ಸೈಕಲ್ ಚಕ್ರದ ಬೇರಿಂಗ್ ಬದಲಾವಣೆ

ಚಕ್ರದ ಹಬ್‌ನ ಎರಡೂ ಬದಿಯಲ್ಲಿ ಕೂತು ಆಕ್ಸಲ್ ಸುತ್ತ ಚಕ್ರವನ್ನು ಸಲೀಸಾಗಿ ತಿರುಗಿಸುವ ಬಾಲ್ ಬೇರಿಂಗುಗಳು ಸವೆದಾಗ ಅವನ್ನು ತೆಗೆದು ಹೊಸವನ್ನು ಕೂರಿಸುವ ಕೆಲಸ. ಅಳತೆ ಬೇರಿಂಗಿನ ಮೇಲಿನ ಸಂಖ್ಯೆಯಲ್ಲೇ ಇರುತ್ತದೆ: 6302 ಎಂದರೆ ಒಳವ್ಯಾಸ 15, ಹೊರವ್ಯಾಸ 42, ದಪ್ಪ 13 ಮಿ.ಮೀ. ಜೊತೆಗೆ 2ಆರ್‌ಎಸ್ ಎಂದಿದ್ದರೆ ಎರಡೂ ಬದಿಗೆ ರಬ್ಬರ್ ಸೀಲ್ ಇದೆ. ಮಳೆ, ಕೆಸರಿನ ರಸ್ತೆಗೆ ಅದೇ ಒಳ್ಳೆಯದು.

ಡಬಲ್ ಸ್ಟ್ಯಾಂಡ್ ಹಾಕಿ, ನೆಲ ಬಿಟ್ಟ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಆಟ ಕಂಡರೆ, ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗ್ ಹೋಗಿರುವ ಸಂಭವ ಹೆಚ್ಚು. ಅಂಥ ಗಾಡಿಯನ್ನು ಓಡಿಸುವುದು ಅಪಾಯ.

ಚಕ್ರ ಬಿಚ್ಚಿ ಆಯಿಲ್ ಸೀಲ್ ಕಿತ್ತ ಮೇಲೆ, ಬೇರಿಂಗುಗಳ ನಡುವಿನ ಸ್ಪೇಸರ್ ಕೊಳವೆಯನ್ನು ತುಸು ಪಕ್ಕಕ್ಕೆ ಸರಿಸಿ, ಎದುರು ಬದಿಯಿಂದ ಸಲಾಕೆ ತೂರಿಸಿ ಒಳರಿಂಗಿನ ಅಂಚಿಗೆ ಸುತ್ತಲೂ ಬಡಿಯಬೇಕು. ಒಂದೇ ಕಡೆ ಬಡಿದರೆ ಬೇರಿಂಗ್ ಓರೆಯಾಗಿ ಕಚ್ಚಿಕೊಂಡು ಹಬ್ ಹಾಳಾಗುತ್ತದೆ. ಉಕ್ಕಿಗಿಂತ ಅಲ್ಯೂಮಿನಿಯಂ ಹೆಚ್ಚು ಹಿಗ್ಗುವುದರಿಂದ ಹಬ್ ಬಿಸಿ ಮಾಡಿದರೆ ಹಿಡಿತ ಸಡಿಲುತ್ತದೆ. ಹೊಸ ಬೇರಿಂಗನ್ನು ಫ್ರೀಜರಿನಲ್ಲಿಟ್ಟು ತೆಗೆದರೆ ಕೂರಿಸುವುದೂ ಸುಲಭ.

ಕೂರಿಸುವಾಗ ಪೆಟ್ಟು ಬೀಳಬೇಕಾದದ್ದು ಹೊರರಿಂಗಿನ ಮೇಲೆ ಮಾತ್ರ. ಒಳರಿಂಗಿಗೆ ಹೊಡೆದರೆ ಗುಂಡುಗಳು ತಮ್ಮ ಹಾದಿಯಲ್ಲಿ ಕುಳಿ ಒತ್ತುತ್ತವೆ, ಹೊಸ ಬೇರಿಂಗ್ ಮೊದಲ ದಿನವೇ ಸದ್ದು ಮಾಡೀತು. ಹೊರರಿಂಗಿಗೆ ಸರಿಹೊಂದುವ ಸಾಕೆಟ್, ಇಲ್ಲವೇ ಹಳೆಯ ಬೇರಿಂಗನ್ನೇ ಇಟ್ಟು ಬಡಿಯಬಹುದು. ಸ್ಪೇಸರ್ ಮರೆತು ಆಕ್ಸಲ್ ನಟ್ ಬಿಗಿದರೆ ಒಳರಿಂಗುಗಳು ಒಳಕ್ಕೆ ತಳ್ಳಲ್ಪಟ್ಟು ಬೇರಿಂಗ್ ಬೇಗ ಕೆಡುತ್ತದೆ. ಡ್ರಮ್ ಬ್ರೇಕಿನ ಲೈನರಿಗಾಗಲೀ ಡಿಸ್ಕಿಗಾಗಲೀ ಗ್ರೀಸ್ ತಾಗಬಾರದು.