ಚಿಕ್ಕೋಡಿ ಸೀಮೆಯ ಮಾನವಿಕ ಸಂಶೋಧನೆ: ಗ್ರಂಥಾಲಯಗಳು ಮತ್ತು ಆಕರಸಂಗ್ರಹಗಳು

ಕರೋಶಿ, ಸದಲಗಾ ಮೊದಲಾದ ಊರುಗಳನ್ನೊಳಗೊಂಡ ಚಿಕ್ಕೋಡಿ ಹಾಗೂ ನೆರೆಯ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಇತಿಹಾಸ, ಸಾಹಿತ್ಯ, ಧರ್ಮಗಳನ್ನು ಕುರಿತು ಪಿಎಚ್.ಡಿ. ಅಧ್ಯಯನ ಕೈಗೊಳ್ಳುವವರಿಗೆ ಬೇಕಾದ ಆಕರಗಳು, ಅಂದರೆ ಮೂಲ ದಾಖಲೆ, ಹಸ್ತಪ್ರತಿ, ಶಾಸನಪಾಠಗಳು, ಒಂದೇ ಕಡೆ ದೊರೆಯುವುದಿಲ್ಲ. ಇದರ ಕಾರಣ ಸೀಮೆಯ ಆಡಳಿತ ಚರಿತ್ರೆಯಲ್ಲಿದೆ. 1836ರಲ್ಲಿ ಧಾರವಾಡದಿಂದ ಬೇರ್ಪಟ್ಟ ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ರಾಯಬಾಗ ಪ್ರದೇಶವಾದರೋ 1949ರ ವಿಲೀನದವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಹೀಗಾಗಿ ಪೇಶ್ವೆಯರ ಕಾಲದ ಕಡತಗಳು ಪುಣೆಯ ಪೇಶ್ವೆ ದಫ್ತರದಲ್ಲಿಯೂ ಬ್ರಿಟಿಷ್ ಪ್ರಾಂತ ಸರ್ಕಾರದ ಪತ್ರವ್ಯವಹಾರ ಮುಂಬಯಿಯ ಪತ್ರಾಗಾರದಲ್ಲಿಯೂ ಸಂಸ್ಥಾನದ ದಾಖಲೆಗಳು ಕೊಲ್ಹಾಪುರದಲ್ಲಿಯೂ ಉಳಿದವು. ಮರಾಠಿ ಆಡಳಿತದ ಕಡತಗಳು ಬಹುಪಾಲು ಮೋಡಿಯಲ್ಲಿ, ಎಂದರೆ ಮರಾಠಿಯ ಕೂಡುಬರಹದ ಲಿಪಿಯಲ್ಲಿ ಇರುವುದರಿಂದ, ಆ ಲಿಪಿಯನ್ನು ಕಲಿಯದ ಸಂಶೋಧಕ 1884ರ ಬೆಳಗಾವಿ ಗ್ಯಾಸೆಟಿಯರಿನಂತಹ ಮುದ್ರಿತ ಗ್ರಂಥಗಳನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ.

ಈ ಸೀಮೆ ಕಂಡ ಅತಿ ದೊಡ್ಡ ವಿದ್ವಾಂಸರಾದ ಆ. ನೇ. ಉಪಾಧ್ಯೆ 1906ರಲ್ಲಿ ಸದಲಗಾದಲ್ಲಿ ಜನಿಸಿದರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಬೋಧಿಸುತ್ತಲೇ ಅವರು 1935ರಲ್ಲಿ ಕುಂದಕುಂದರ 'ಪ್ರವಚನಸಾರ'ವನ್ನು ಸಂಪಾದಿಸಿ, ಹಸ್ತಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ಶುದ್ಧಪಾಠ ನಿರ್ಣಯಿಸುವ ಗ್ರಂಥಸಂಪಾದನೆಗೆ ಮಾದರಿಯೊಂದನ್ನು ಒದಗಿಸಿದರು. ಪ್ರಾಕೃತದ ಜೈನ ಗ್ರಂಥಗಳು ಹಲವು ಸಂದರ್ಭಗಳಲ್ಲಿ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದಿವೆ. ಮೂಡಬಿದರೆಯ 'ಧವಲಾ' ಪ್ರತಿಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಆದ್ದರಿಂದ ಕನ್ನಡ, ಮರಾಠಿ, ಪ್ರಾಕೃತಗಳೆಲ್ಲವೂ ಕೈವಶವಾಗಿದ್ದ ಗಡಿನಾಡಿನ ಪಂಡಿತರಿಗೆ ಈ ಕಾರ್ಯದಲ್ಲಿದ್ದ ಅನುಕೂಲ ಬೇರೆಯವರಿಗೆ ಸುಲಭವಾಗಿ ದಕ್ಕುವಂಥದ್ದಲ್ಲ. ಮಠ-ಬಸದಿಗಳ ಭಂಡಾರಗಳನ್ನು ಬಿಟ್ಟು ಈ ಸೀಮೆಯ ಸಂಶೋಧನೆಯ ಚರಿತ್ರೆಯನ್ನು ಬರೆಯಲಾಗದು.

ಕನ್ನಡದ ಕಡೆಯಿಂದ ವ್ಯವಸ್ಥಿತ ಸೌಲಭ್ಯ ಬಂದದ್ದು ಧಾರವಾಡದಲ್ಲಿ. ಮುಂಬಯಿ ಸರ್ಕಾರ 1939ರಲ್ಲಿ ಆರಂಭಿಸಿದ ಕನ್ನಡ ಸಂಶೋಧನ ಸಂಸ್ಥೆ ಆರ್. ಎಸ್. ಪಂಚಮುಖಿಯವರ ನಿರ್ದೇಶನದಲ್ಲಿ ಶಾಸನ, ಹಸ್ತಪ್ರತಿ, ಪ್ರಾಚ್ಯವಸ್ತುಗಳ ಸಂಗ್ರಹಕ್ಕೆ ತೊಡಗಿ, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಅಂಗವಾಯಿತು. 1949ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೆ.ಎಲ್.ಇ. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಶಿ. ಶಿ. ಬಸವನಾಳರ ಹೆಸರಿದೆ. ಬೆಳಗಾವಿಯಲ್ಲಿದ್ದ ಅದರ ಸ್ನಾತಕೋತ್ತರ ಕೇಂದ್ರವೇ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಿ, ಚಿಕ್ಕೋಡಿ ಭಾಗದ ವಿದ್ಯಾರ್ಥಿಗಳಿಗೆ ಪಿಎಚ್.ಡಿ. ನೋಂದಣಿ ಸ್ವಂತ ಜಿಲ್ಲೆಯಲ್ಲೇ ಸಾಧ್ಯವಾಯಿತು. ಗಡಿಯಾಚೆ 1962ರಲ್ಲಿ ಆರಂಭವಾದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ ನಿಪ್ಪಾಣಿಗೆ ಧಾರವಾಡಕ್ಕಿಂತ ಬಹಳ ಸಮೀಪದಲ್ಲಿದೆ.

ಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲಿಯೂ ಸಲ್ಲಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ನಿಯಮ ಮಾಡಿದ ಮೇಲೆ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ 'ಶೋಧಗಂಗಾ' ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಉಚಿತವಾಗಿ ಓದಲು ಸಿಗತೊಡಗಿದವು. ಹಳ್ಳಿಯಲ್ಲಿದ್ದೇ ಪೂರ್ವಾಧ್ಯಯನ ಮಾಡಬಯಸುವವರಿಗೆ ಇದು ನಿಜವಾದ ಉಪಕಾರ. ಆದರೆ ಮುಗಿದ ಪ್ರಬಂಧ ಮೂಲ ಆಕರದ ಸ್ಥಾನವನ್ನು ತುಂಬಲಾರದು. ಧಾರವಾಡ, ಬೆಳಗಾವಿ, ಕೊಲ್ಹಾಪುರಗಳ ವಿದ್ಯಾಸಂಸ್ಥೆಗಳು ಪುಣೆ, ಮುಂಬಯಿಗಳ ಪತ್ರಾಗಾರಗಳೊಡನೆ ಸೇರಿ ಈ ಐದು ತಾಲ್ಲೂಕುಗಳಿಗೆ ಸಂಬಂಧಿಸಿದ ದಾಖಲೆಗಳ ಸಂಯುಕ್ತ ಸೂಚಿಯೊಂದನ್ನು ಸಿದ್ಧಪಡಿಸಿ, ಮೋಡಿ ಲಿಪಿಯ ತರಬೇತಿಯನ್ನು ಸಂಶೋಧನಾ ಪಠ್ಯಕ್ರಮಕ್ಕೆ ಸೇರಿಸುವುದು ಇಲ್ಲಿ ಆಗಲೇಬೇಕಾದ ಕೆಲಸ.