ಮರುಮಾತಿನ ದಾರಿ: ಯಂತ್ರಗಳು ಇಂಗ್ಲಿಷ್ ಕಲಿಸಿದ ಕಥೆ



ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿತೆಂದರೆ ಮಾತು ಹೊರಟಿತೆಂದೇ ಲೆಕ್ಕ. ಅದು ರಾಯಚೂರಿನ ಮನೆಯನ್ನೂ ಮುಟ್ಟುತ್ತದೆ, ಕೊಡಗಿನ ಮನೆಯನ್ನೂ ಮುಟ್ಟುತ್ತದೆ. ಆದರೆ ಅಲ್ಲಿ ಕುಳಿತವರು ತಿರುಗಿ ಏನು ಹೇಳಿದರೆಂಬುದು ನಮಗೆ ಕೇಳಿಸುವುದಿಲ್ಲ. ನಿರ್ಮಾಪಕನಾದ ನನ್ನನ್ನು ಈ ಕೊರತೆ ಹೆಚ್ಚಾಗಿ ಕಾಡಿರುವುದು ಇಂಗ್ಲಿಷ್ ಪಾಠಗಳ ವಿಷಯದಲ್ಲಿ. ಗ್ರಹಣ ಹೇಗಾಗುತ್ತದೆ ಎಂಬುದನ್ನು ನೋಡಿ ತಿಳಿಯಬಹುದು. ಭಾಷೆಯನ್ನು ಮಾತ್ರ ಆಡಿಯೇ ಕಲಿಯಬೇಕು.

ಇದಕ್ಕೆ ನಾನೇ ಸಾಕ್ಷಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಬಿ.ಎಸ್‌ಸಿ. ಸೇರಿದವನು ನಾನು. ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಮಸೂರದ ಬಗ್ಗೆ ಒಂದು ಸಣ್ಣ ಪ್ರಶ್ನೆ ಬಂತು. ಉತ್ತರ ಗೊತ್ತಿತ್ತು, ಪುಸ್ತಕದ ಆ ಪುಟವೇ ಕಣ್ಣ ಮುಂದಿತ್ತು. ಬಾಯಿ ಮಾತ್ರ ತೆರೆಯಲಿಲ್ಲ. ಪ್ರತಿರಾತ್ರಿ ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಕೇಳುತ್ತಿದ್ದವನ ಕಿವಿ ಕಲಿತಿತ್ತು, ನಾಲಿಗೆ ಕಲಿತಿರಲಿಲ್ಲ.

ಇಂದು ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಅದರಲ್ಲಿ ಇಂಗ್ಲಿಷ್ ಕಲಿಸುವ ಆ್ಯಪ್‌ಗಳಿವೆ, ವೀಡಿಯೋಗಳಿವೆ, ವಾಟ್ಸಾಪ್ ಗುಂಪುಗಳಿವೆ. ಇವುಗಳಿಂದ ನಿಜಕ್ಕೂ ಭಾಷೆ ಬರುತ್ತದೆಯೇ ಎಂದು ಕೇಳುವ ಮುನ್ನ, ಇವುಗಳ ಹಿಂದಿರುವ ಒಂದೂಕಾಲು ಶತಮಾನದ ಇತಿಹಾಸವನ್ನು ನೋಡೋಣ. ಆ ಇತಿಹಾಸದ ಉದ್ದಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಕಲಿಯುವವನು ತಿರುಗಿ ಮಾತಾಡಿದಾಗ ಅದನ್ನು ಕೇಳುವವರು ಯಾರು?

ಥಾಮಸ್ ಆಲ್ವ ಎಡಿಸನ್ ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿದ್ದು 1877ರಲ್ಲಿ. ಮರುವರ್ಷ ಅವರು ಅದರ ಉಪಯೋಗಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ ಸಂಗೀತದ ಜೊತೆಗೆ ಸ್ಪಷ್ಟವಾಗಿ ಮಾತಾಡುವುದನ್ನು ಕಲಿಸುವ ಕೆಲಸವೂ ಸೇರಿತ್ತು. ಮುಂದೆ ಮೇಣದ ಉರುಳೆಗಳು ಬಂದವು. ಅವುಗಳ ಒಂದು ವಿಶೇಷವೆಂದರೆ, ಮನೆಯಲ್ಲಿ ಕುಳಿತವರು ಕೂಡ ತಮ್ಮ ದನಿಯನ್ನು ಅವುಗಳ ಮೇಲೆ ಮುದ್ರಿಸಬಹುದಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸ್ಕ್ರಾಂಟನ್ ನಗರದ ಅಂಚೆ ಶಿಕ್ಷಣ ಸಂಸ್ಥೆಯೊಂದು ಇದನ್ನು ಭಾಷಾ ಪಾಠಕ್ಕೆ ಬಳಸಿಕೊಂಡಿತು. ಪಾಠದ ಉರುಳೆ ಅಂಚೆಯಲ್ಲಿ ಬರುತ್ತಿತ್ತು. ವಿದ್ಯಾರ್ಥಿ ತನ್ನ ಉಚ್ಚಾರವನ್ನು ಇನ್ನೊಂದು ಉರುಳೆಯಲ್ಲಿ ಮುದ್ರಿಸಿ ಹಿಂದಕ್ಕೆ ಕಳುಹಿಸುತ್ತಿದ್ದ. ಅಲ್ಲಿ ಅಧ್ಯಾಪಕರು ಅದನ್ನು ಕೇಳಿ ತಿದ್ದುತ್ತಿದ್ದರು. ಎಂದರೆ, ಮರುಮಾತಿಗೆ ಮೊದಲೇ ದಾರಿ ಇತ್ತು!

ಆ ದಾರಿ ಮುಚ್ಚಿಹೋದದ್ದು ಗ್ರಾಮಫೋನ್ ತಟ್ಟೆಯಿಂದ. ತಟ್ಟೆಗಳನ್ನು ಒಂದೇ ಅಚ್ಚಿನಿಂದ ಸಾವಿರಾರು ಸಂಖ್ಯೆಯಲ್ಲಿ ಒತ್ತಬಹುದಿತ್ತು, ಆದ್ದರಿಂದ ಅಗ್ಗವಾಗಿದ್ದವು. ಆದರೆ ಮನೆಯಲ್ಲಿ ಅವುಗಳನ್ನು ಕೇಳಬಹುದಿತ್ತೇ ಹೊರತು ಅವುಗಳ ಮೇಲೆ ಮಾತಾಡುವಂತಿರಲಿಲ್ಲ. 1901ರಲ್ಲಿ ಲಂಡನ್ನಿನಲ್ಲಿ ಜಾಕ್ ರಾಸ್ಟನ್ ಸ್ಥಾಪಿಸಿದ ಲಿಂಗ್ವಾಫೋನ್ ಸಂಸ್ಥೆ ಮುಂದೆ ಇಂತಹ ತಟ್ಟೆಗಳಿಂದಲೇ ಹೆಸರಾಯಿತು. 1920ರ ದಶಕದಲ್ಲಿ ನಾಟಕಕಾರ ಜಾರ್ಜ್ ಬರ್ನಾರ್ಡ್ ಷಾ ಅವರೇ ಈ ಸಂಸ್ಥೆಗಾಗಿ ಇಂಗ್ಲಿಷ್ ಮಾತಿನ ಬಗ್ಗೆ ಉಪನ್ಯಾಸ ಮುದ್ರಿಸಿಕೊಟ್ಟರು. ಅದರಲ್ಲಿ ಅವರು ಹೇಳಿದ ಒಂದು ವಿಚಾರ ನಮಗೆ ಧೈರ್ಯ ಕೊಡುವಂಥದು: ಪರಿಪೂರ್ಣವಾದ, ಒಂದೇ ಒಂದು ಶುದ್ಧ ಇಂಗ್ಲಿಷ್ ಎಂಬುದು ಇಲ್ಲವೇ ಇಲ್ಲ.

1943ರಲ್ಲಿ, ಮಹಾಯುದ್ಧದ ನಡುವೆಯೇ, ಬಿಬಿಸಿ ರೇಡಿಯೋ ಮೂಲಕ ಇಂಗ್ಲಿಷ್ ಕಲಿಸುವ ಕಾರ್ಯಕ್ರಮವನ್ನು ಆರಂಭಿಸಿತು. ಪಾಠ ಈಗ ಸಮುದ್ರಗಳನ್ನೇ ದಾಟಿತು. ಆದರೆ ಕೇಳುಗನ ಉತ್ತರಕ್ಕೆ ಉಳಿದಿದ್ದದ್ದು ಅಂಚೆಯ ಕಾಗದ ಮಾತ್ರ, ಅದರಲ್ಲಿ ದನಿ ಹೋಗುವುದಿಲ್ಲ. ನಮ್ಮ ದೇಶದಲ್ಲೂ ಹೀಗೆಯೇ. 1984ರ ಆಗಸ್ಟ್ 15ರಂದು ವಿಶ್ವವಿದ್ಯಾಲಯ ಅನುದಾನ ಆಯೋಗದ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ದೂರದರ್ಶನದಲ್ಲಿ ಆರಂಭವಾಯಿತು. ಸಣ್ಣ ಊರುಗಳ ಕಾಲೇಜು ವಿದ್ಯಾರ್ಥಿಗಳಿಗೆ ಒಳ್ಳೆಯ ಇಂಗ್ಲಿಷಿನಲ್ಲಿ ಒಳ್ಳೆಯ ಪಾಠಗಳು ದೊರೆತವು. ಅದು ಕೂಡ ಏಕಮುಖ ಸಂಚಾರವೇ.

ಇದರ ನಡುವೆ ಟೇಪ್ ರೆಕಾರ್ಡರ್ ಮುಚ್ಚಿದ ಬಾಗಿಲನ್ನು ಸ್ವಲ್ಪ ತೆರೆಯಿತು. 1950, 60ರ ದಶಕಗಳಲ್ಲಿ ಭಾಷಾ ಪ್ರಯೋಗಾಲಯಗಳು ಬಂದವು. ವಿದ್ಯಾರ್ಥಿ ಹೆಡ್‌ಫೋನ್ ಹಾಕಿಕೊಂಡು ವಾಕ್ಯವನ್ನು ಕೇಳಿ, ಹಾಗೆಯೇ ನುಡಿದು, ತನ್ನ ದನಿಯನ್ನು ತಾನೇ ಕೇಳಿಕೊಳ್ಳುತ್ತಿದ್ದ. ಅಧ್ಯಾಪಕರು ತಮ್ಮ ಮೇಜಿನಿಂದಲೇ ಒಬ್ಬೊಬ್ಬನ ಮಾತನ್ನೂ ಆಲಿಸಬಹುದಿತ್ತು. ಆದರೆ ಅಲ್ಲಿ ನಡೆಯುತ್ತಿದ್ದದ್ದು ಬಹುಪಾಲು ಗಿಣಿಪಾಠ. ‘ಇದು ಪುಸ್ತಕ, ಅದು ಮೇಜು’ ಎಂದು ನೂರು ಬಾರಿ ಹೇಳಿದವನಿಗೆ, ಬಸ್ ನಿಲ್ದಾಣದಲ್ಲಿ ದಾರಿ ಕೇಳುವಾಗ ಮಾತು ತಡವರಿಸುತ್ತಿತ್ತು.

ಈ ಗಂಟನ್ನು ಬಿಡಿಸುವ ಒಂದು ಮುಖ್ಯ ಪ್ರಯತ್ನ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಇಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಗಿತ್ತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಅದು ಜಗತ್ತಿನ ಭಾಷಾಶಿಕ್ಷಕರಿಗೆಲ್ಲ ‘ಬೆಂಗಳೂರು ಯೋಜನೆ’ ಎಂದೇ ಪರಿಚಿತ. ಅಲ್ಲಿ ವ್ಯಾಕರಣದ ಪಾಠವಿಲ್ಲ, ಯಂತ್ರವೂ ಇಲ್ಲ. ಕಪ್ಪುಹಲಗೆಯ ಮೇಲೆ ರೈಲಿನ ವೇಳಾಪಟ್ಟಿ ಅಥವಾ ಒಂದು ನಕ್ಷೆ. ಯಾವ ರೈಲು ಹಿಡಿದರೆ ಬೇಗ ತಲುಪಬಹುದು? ಅಂಚೆಕಚೇರಿಗೆ ಯಾವ ದಾರಿ? ಮಕ್ಕಳು ಲೆಕ್ಕ ಹಾಕಿ ಉತ್ತರ ಹುಡುಕುತ್ತಿದ್ದರು. ಗಮನವೆಲ್ಲ ಅರ್ಥದ ಮೇಲೆ. ಆ ಅರ್ಥವನ್ನು ಹಿಡಿಯುವ ಭರದಲ್ಲಿ ಭಾಷೆ ತಾನಾಗಿ ಬೆಳೆಯುತ್ತದೆ ಎಂಬುದು ಪ್ರಭು ಅವರ ವಾದ. ಹೇಳಲು ವಿಷಯವೊಂದಿರಬೇಕು, ಕೇಳಲು ಜನರಿರಬೇಕು ಎಂಬುದೇ ಅದರಿಂದ ನಾನು ಕಲಿತ ಪಾಠ.

ಹೊಸ ಶತಮಾನದಲ್ಲಿ ಮರುಮಾತಿನ ದಾರಿ ಅಗಲವಾಯಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಭಾರತದ ಮೊದಲ ಉಪಗ್ರಹ ಎಜುಸ್ಯಾಟ್ ಶ್ರೀಹರಿಕೋಟಾದಿಂದ ಮೇಲೇರಿತು. 2010ರವರೆಗೆ ಕೆಲಸ ಮಾಡಿದ ಈ ಉಪಗ್ರಹದ ಮೂಲಕ ಕೆಲವು ಕೇಂದ್ರಗಳ ವಿದ್ಯಾರ್ಥಿಗಳು ಸ್ಟುಡಿಯೋದಲ್ಲಿದ್ದ ಅಧ್ಯಾಪಕರಿಗೆ ನೇರವಾಗಿ ಪ್ರಶ್ನೆ ಕೇಳಲು ಸಾಧ್ಯವಾಯಿತು. ಅಂತರ್ಜಾಲ ಇದನ್ನೇ ಮನೆಮನೆಗೆ ತಂದಿತು. 2007ರಲ್ಲಿ ಆರಂಭವಾದ ಲೈವ್‌ಮೋಚಾ ಎಂಬ ತಾಣದಲ್ಲಿ ಬೇರೆ ಬೇರೆ ದೇಶಗಳ ಕಲಿಯುವವರು ಒಬ್ಬರ ಬರಹವನ್ನು, ಉಚ್ಚಾರವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಆ ತಾಣ 2016ರಲ್ಲಿ ಮುಚ್ಚಿತು. 2012ರಲ್ಲಿ ಡ್ಯುಯೋಲಿಂಗೋ ಸಾರ್ವಜನಿಕರಿಗೆ ಉಚಿತವಾಗಿ ದೊರೆಯಿತು. 2013ರಲ್ಲಿ ವಾಟ್ಸಾಪ್‌ನಲ್ಲಿ ದನಿಯ ಸಂದೇಶ ಕಳುಹಿಸುವ ಅನುಕೂಲ ಬಂದಿತು. ಯೋಚಿಸಿ ನೋಡಿ: ಸ್ಕ್ರಾಂಟನ್ನಿಗೆ ಅಂಚೆಯಲ್ಲಿ ಹೋಗುತ್ತಿದ್ದ ಆ ಮೇಣದ ಉರುಳೆಯೇ ನೂರು ವರ್ಷದ ಮೇಲೆ ನಿಮ್ಮ ಕಿಸೆಗೆ ಮರಳಿ ಬಂದಂತಾಯಿತಲ್ಲವೇ?

ಆದರೆ ಸಾಧನ ಬಂದ ಮಾತ್ರಕ್ಕೆ ಎಲ್ಲರಿಗೂ ಒದಗಿತೆಂದು ತಿಳಿಯಬಾರದು. ಕೊರೋನಾದಿಂದ ಶಾಲೆಗಳು ಮುಚ್ಚಿದ್ದ 2020ರ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ‘ಸೇತುಬಂಧ’ ಪಾಠಗಳು ಪ್ರಸಾರವಾದವು. ಮರುತಿಂಗಳು ‘ವಿದ್ಯಾಗಮ’ ಬಂದಿತು. ಅದರಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಲಾಯಿತು: ಸ್ಮಾರ್ಟ್‌ಫೋನ್ ಇರುವವರು, ಸಾಮಾನ್ಯ ಫೋನ್ ಇರುವವರು, ಯಾವ ಫೋನೂ ಇಲ್ಲದವರು. ಶಿಕ್ಷಕರು ತಾವೇ ಊರೂರಿಗೆ ಹೋಗಿ ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಆ ಮೂರನೆಯ ಗುಂಪನ್ನು ನಾವು ಮರೆಯುವಂತಿಲ್ಲ. ಮನೆಗೊಂದೇ ಫೋನ್ ಇದ್ದು, ಅದು ಮೊದಲು ಅಣ್ಣನ ಕೈಗೆ, ಉಳಿದರೆ ತಂಗಿಯ ಕೈಗೆ ಎನ್ನುವ ಮನೆಗಳೂ ನಮ್ಮಲ್ಲಿವೆ.

ಇನ್ನೊಂದು ತೊಡಕು ನಾಚಿಕೆಯದು. ಸಾಮಾಜಿಕ ಜಾಲತಾಣದಲ್ಲಿ ಒಂದು ತಪ್ಪು ವಾಕ್ಯ ಬರೆದರೆ ಅದನ್ನು ನೋಡಿ ನಗುವವರು ನೂರು ಜನ. ಹೀಗೆ ಒಮ್ಮೆ ನಗೆಗೀಡಾದವರು ಮತ್ತೆ ಬರೆಯಲಾರರು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮನುಷ್ಯರಂತೆ ಉತ್ತರಿಸುವ ಯಂತ್ರವೂ ದೊರೆತಿದೆ. ಅದು ನಗುವುದಿಲ್ಲ, ಬೇಸರಪಡುವುದೂ ಇಲ್ಲ. ಅಂಜುವವರಿಗೆ ಅದು ಒಳ್ಳೆಯ ಗರಡಿಮನೆ. ಆದರೆ ಗರಡಿಯಲ್ಲಿ ಕಲಿತ ಪಟ್ಟುಗಳನ್ನು ಅಖಾಡದಲ್ಲಿ ತೋರಿಸಬೇಕಾದ್ದು ಜನರೆದುರಿಗೇ.

ವಿಜ್ಞಾನದಲ್ಲಿ ಹಿಮ್ಮಾಹಿತಿ ಎಂಬ ಒಂದು ತತ್ತ್ವವಿದೆ. ಒಳಗಿನ ಉಷ್ಣತೆ ಎಷ್ಟೆಂಬ ಸುದ್ದಿ ತಿರುಗಿ ಬಾರದಿದ್ದರೆ ಫ್ರಿಜ್ಜು ಸುಮ್ಮನೆ ಓಡುತ್ತಲೇ ಇರುತ್ತದೆ. ಭಾಷಾ ಪಾಠವೂ ಹಾಗೆಯೇ. ಆದ್ದರಿಂದ ನನ್ನದೊಂದು ಸಲಹೆ. ನೀವು ನಾಲ್ಕೈದು ಜನ ಗೆಳೆಯ ಗೆಳತಿಯರು ಸೇರಿ ಒಂದು ಸಣ್ಣ ಗುಂಪು ಮಾಡಿಕೊಳ್ಳಿ. ನಂಬಿಕೆಯ ಅಧ್ಯಾಪಕರೊಬ್ಬರನ್ನು ಅದಕ್ಕೆ ಸೇರಿಸಿ. ದಿನಕ್ಕೊಬ್ಬರು ಒಂದು ನಿಮಿಷ, ಊರಿನ ಸಂತೆಯ ಬಗ್ಗೆಯೋ, ಅಂದು ಮಾಡಿದ ಪ್ರಯೋಗದ ಬಗ್ಗೆಯೋ ಇಂಗ್ಲಿಷಿನಲ್ಲಿ ಮಾತಾಡಿ ದನಿಯನ್ನು ಕಳುಹಿಸಿ. ಉಳಿದವರು ಅದರ ಬಗ್ಗೆ ಒಂದೊಂದು ಪ್ರಶ್ನೆ ಕೇಳಲಿ. ನಗಬಾರದೆಂಬುದೊಂದೇ ನಿಯಮವಿರಲಿ. ಫೋನ್ ಇಲ್ಲದ ಗೆಳತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಫೋನಿನಲ್ಲೇ ಅವಳ ದನಿಯನ್ನೂ ಮುದ್ರಿಸಿ.

‘ಹಾಡ್ತಾ ಹಾಡ್ತಾ ರಾಗ’ ಎಂದು ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ. ಆ ದಿನ ಮಸೂರದ ಮುಂದೆ ಮೂಕನಾಗಿ ನಿಂತ ಹುಡುಗನಿಗೆ ಬೇಕಾಗಿದ್ದದ್ದು ಇನ್ನೊಂದು ವಾರ್ತಾಪ್ರಸಾರವಲ್ಲ, ಅವನ ತಪ್ಪು ಇಂಗ್ಲಿಷನ್ನು ತಾಳ್ಮೆಯಿಂದ ಕೇಳುವ ಒಬ್ಬ ಗೆಳೆಯ. ನಿಮ್ಮ ತರಗತಿಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ನಾಳೆ ಅವರ ಮಾತನ್ನು ಕೇಳಿ.